ಉಪಸಂಹಾರವಿಲ್ಲದ ಅಸ್ತ್ರ

ಭಾರತ ಸರ್ಕಾರವು 2016ರಲ್ಲಿ ಹೊರಡಿಸಿದ ಶಸ್ತ್ರಾಸ್ತ್ರ ನಿಯಮಗಳಲ್ಲಿ, ಪರವಾನಗಿ ಪಡೆದ ನಾಗರಿಕನು ಪಿಸ್ತೂಲನ್ನಾಗಲಿ ರಿವಾಲ್ವರನ್ನಾಗಲಿ ಸಾರ್ವಜನಿಕ ಸ್ಥಳದಲ್ಲಿ ಒಯ್ಯುವ ಬಗೆ ಹೇಗಿರಬೇಕೆಂಬುದನ್ನು ವಿಧಿಸುವ ಭಾಗವೊಂದುಂಟು. ಆಯುಧವು ಅದಕ್ಕಾಗಿಯೇ ಮಾಡಿದ, ಮೈಗೆ ಹೊಂದಿ ನಿಲ್ಲುವ ಹೋಲ್‌ಸ್ಟರಿನಲ್ಲಿ ಇರತಕ್ಕದ್ದು. ಅದು ಸಂಪೂರ್ಣವಾಗಿ ಮುಚ್ಚಿರತಕ್ಕದ್ದು. ಧರಿಸಿದವನಿಗೆ ಅದರ ಮೇಲೆ ಪರಿಣಾಮಕಾರಿಯಾದ ಹತೋಟಿ ಇರತಕ್ಕದ್ದು. ಈ ಮೂರರಲ್ಲಿ ಮೊದಲ ಎರಡನ್ನು ಪೋಲೀಸು ಅಧಿಕಾರಿಯು ಕಣ್ಣಿನಿಂದ ನೋಡಿ ನಿರ್ಣಯಿಸಬಲ್ಲನು. ಒರೆಯ ಗುಂಡಿ ಹಾಕಿದೆಯೆ, ಅಂಗಿಯ ಅಂಚು ಹಿಡಿಯನ್ನು ಮರೆಮಾಡಿದೆಯೆ ಎಂಬುದು ಪರೀಕ್ಷೆಗೆ ಒಳಪಡುವ ಸಂಗತಿ. ಆದರೆ ಅದರ ಒಡೆಯನು ಆ ಕ್ಷಣದಲ್ಲಿ ತನ್ನ ಮೇಲೆ ತಾನು ಹತೋಟಿಯುಳ್ಳವನೆ ಎಂಬುದನ್ನು ಯಾವ ಠಾಣೆಯಲ್ಲಿಯೂ ಪರೀಕ್ಷಿಸಲಾಗದು. ಶಾಸನವು ಹೇಳಿ ಮುಗಿಸಿದ ಸ್ಥಳದಲ್ಲಿ ಧರ್ಮವಿಚಾರವು ಆರಂಭವಾಗಬೇಕಾಗುತ್ತದೆ. ಪ್ರಾಣಹರಣದ ಸಾಧನವೊಂದನ್ನು ಮೈಮೇಲೆ ಧರಿಸಿ ಮನುಷ್ಯರ ನಡುವೆ ಸಂಚರಿಸುವವನ ಹತೋಟಿಯಲ್ಲಿರಬೇಕಾದದ್ದು ಏನು? ಆ ಹತೋಟಿಯನ್ನು ಅಳೆಯುವುದು ಹೇಗೆ? ಈ ಪ್ರಶ್ನೆಗಳನ್ನು ನಮ್ಮ ಪೂರ್ವಿಕರು ಬಿಲ್ಲು ಖಡ್ಗಗಳ ಕಾಲದಲ್ಲಿಯೇ ಕೇಳಿಕೊಂಡಿದ್ದರು. ಅವರು ಕಂಡುಕೊಂಡ ಉತ್ತರವು ಪಿಸ್ತೂಲಿನ ಕಾಲದಲ್ಲಿ ಇನ್ನಷ್ಟು ಕಠೋರವಾಗಿ ಅನ್ವಯಿಸುತ್ತದೆಂಬುದು ಈ ಲೇಖನದ ಅಭಿಪ್ರಾಯ.

ಧರಿಸಿದ ಆಯುಧವು ಮೂರು ವಿಧದಲ್ಲಿ ಕೈಮೀರಬಹುದು. ಮತ್ತೊಬ್ಬನು ಅದನ್ನು ಕಿತ್ತುಕೊಳ್ಳಬಹುದು. ಎಚ್ಚರ ತಪ್ಪಿದಾಗ ಅದು ಸಿಡಿಯಬಹುದು. ಧರಿಸಿದವನ ಮನಸ್ಸೇ ಕೋಪದಿಂದಲೋ ಭಯದಿಂದಲೋ ಗರ್ವದಿಂದಲೋ ಅದನ್ನು ಕೈಗೆ ತಂದುಕೊಳ್ಳಬಹುದು. ಪರಹಸ್ತ, ಪ್ರಮಾದ, ಸ್ವಚಿತ್ತ ಎಂದು ಈ ಮೂರನ್ನು ಹೆಸರಿಸೋಣ. ಶಸ್ತ್ರವಿದ್ಯೆಯನ್ನು ಬಲ್ಲವರು ಮೊದಲ ಎರಡರ ವಿಷಯದಲ್ಲಿ ಬಹಳ ದೂರ ಯೋಚಿಸಿದ್ದಾರೆ. ಅವರು ಪಟ್ಟ ಶ್ರಮವನ್ನು ಅರಿಯದೆ ಮೂರನೆಯದರ ಚರ್ಚೆಗೆ ತೊಡಗುವುದು ನ್ಯಾಯವಲ್ಲ.

ಪಿಸ್ತೂಲನ್ನು ಮೈಮೇಲೆ ಎಲ್ಲಿ ಧರಿಸಬೇಕೆಂಬುದರಲ್ಲಿಯೇ ಪರಹಸ್ತದ ಚಿಂತೆ ಅಡಗಿದೆ. ಬಲಗೈಯವನು ಬಲಸೊಂಟದ ಮೇಲೆ ಧರಿಸಿದರೆ ಅವನ ಮೊಣಕೈಯೇ ಅದಕ್ಕೆ ಕಾವಲಾಗುತ್ತದೆ. ಕಿಬ್ಬೊಟ್ಟೆಯ ಬಳಿ ಧರಿಸಿದರೆ ಎರಡು ಕೈಗಳೂ ಅದನ್ನು ರಕ್ಷಿಸಬಲ್ಲವು, ಆದರೆ ನಳಿಗೆಯ ಬಾಯಿ ಸ್ವಂತ ತೊಡೆಯ ಕಡೆಗೆ ತಿರುಗಿರುತ್ತದೆ. ಕಂಕುಳ ಕೆಳಗೆ ಅಡ್ಡಲಾಗಿ ತೂಗುಬಿಟ್ಟರೆ ಅದರ ಹಿಡಿಯು ಎದುರು ನಿಂತವನ ಕೈಗೆ ಅನುಕೂಲವಾಗಿ ಮುಂದೆ ಚಾಚಿರುತ್ತದೆ. ಬೆನ್ನ ನಡುವೆ ಸಿಕ್ಕಿಸಿದರೆ ಹಿಂದಿನಿಂದ ಬಂದವನಿಗೆ ಅದು ಮೊದಲು ಕಾಣುತ್ತದೆ, ಧರಿಸಿದವನಿಗೆ ಕಾಣುವುದೇ ಇಲ್ಲ. ಅವನು ಅಂಗಾತವಾಗಿ ಬಿದ್ದರೆ ಉಕ್ಕು ಬೆನ್ನೆಲುಬಿಗೆ ಒತ್ತುತ್ತದೆ. ಕೈಚೀಲದಲ್ಲಿಟ್ಟ ಆಯುಧವಂತೂ ಚೀಲವನ್ನು ಕೆಳಗಿಟ್ಟ ಕ್ಷಣದಿಂದ ಮನೆಯ ಮಗುವಿಗೂ ಬೀದಿಯ ಕಳ್ಳನಿಗೂ ಸಮಾನವಾಗಿ ಸೇರಿದ್ದು. ಬ್ರಿಟಿಷರ ಕಾಲದ ವೆಬ್ಲಿ ರಿವಾಲ್ವರಿನ ಹಿಡಿಯ ತಳದಲ್ಲಿ ಒಂದು ಉಂಗುರವಿರುತ್ತಿತ್ತು. ಅದಕ್ಕೆ ಲ್ಯಾನ್‌ಯಾರ್ಡ್ ಎಂಬ ಹುರಿಯನ್ನು ಕಟ್ಟಿ ಅಧಿಕಾರಿಯು ಹೆಗಲಿಗೆ ತೊಡುತ್ತಿದ್ದನು. ಪೋಲೀಸರು ತಮ್ಮದೇ ಪಿಸ್ತೂಲಿನಿಂದ ಹತರಾದ ಪ್ರಕರಣಗಳು ಅಮೆರಿಕದಲ್ಲಿ ಮರುಕಳಿಸಿದ ಮೇಲೆ, ಎರಡು ಮೂರು ಬೇರೆ ಬೇರೆ ಚಲನೆಗಳಿಲ್ಲದೆ ಹೊರಬರದ ಹೋಲ್‌ಸ್ಟರುಗಳು 1970ರ ದಶಕದಿಂದೀಚೆಗೆ ಬಳಕೆಗೆ ಬಂದವು. ಅಪರಿಚಿತನೊಡನೆ ಮಾತನಾಡುವಾಗ ಆಯುಧವಿರುವ ಪಾರ್ಶ್ವವನ್ನು ಅವನಿಂದ ದೂರಕ್ಕೆ ತಿರುಗಿಸಿ ನಿಲ್ಲಬೇಕೆಂದೂ, ಯಾರಾದರೂ ಅದಕ್ಕೆ ಕೈಹಾಕಿದರೆ ಅದನ್ನು ಹೊರಗೆಳೆಯದೆ ಒರೆಯಲ್ಲಿಯೇ ಅದುಮಿ ಹಿಡಿಯಬೇಕೆಂದೂ ಪೋಲೀಸರಿಗೆ ಅಭ್ಯಾಸ ಮಾಡಿಸುತ್ತಾರೆ. ಅಪಾಯದ ಆ ಗಳಿಗೆಯಲ್ಲಿ ಕೈಗೆ ಮೊದಲು ಕಲಿಸುವ ಪಾಠವು ಆಯುಧವನ್ನು ಒಳಗೇ ಉಳಿಸಿಕೊಳ್ಳುವ ಪಾಠವೆಂಬುದನ್ನು ವಾಚಕರು ಲಕ್ಷ್ಯಕ್ಕೆ ತಂದುಕೊಳ್ಳಬೇಕು.

ಪ್ರಮಾದವನ್ನು ಕುರಿತು ವಿಧಿಸಿರುವ ನಿಯಮಗಳಾದರೋ ಯಮನಿಯಮಗಳಂತೆ ಸಂಕ್ಷಿಪ್ತವಾಗಿವೆ. ಅಮೆರಿಕದ ಮೆರೀನ್ ಪಡೆಯಲ್ಲಿ ಸೇವೆಮಾಡಿ, 1976ರಲ್ಲಿ ಅರಿಜ಼ೋನಾ ಪ್ರಾಂತದಲ್ಲಿ ಪಿಸ್ತೂಲು ವಿದ್ಯೆಯ ಶಾಲೆಯೊಂದನ್ನು ಸ್ಥಾಪಿಸಿದ ಜೆಫ್ ಕೂಪರ್ ಎಂಬಾತನು ಅವನ್ನು ನಾಲ್ಕಾಗಿ ಸಂಗ್ರಹಿಸಿದನು. ಪ್ರತಿಯೊಂದು ಬಂದೂಕನ್ನೂ ತುಂಬಿದ ಬಂದೂಕೆಂದೇ ಭಾವಿಸತಕ್ಕದ್ದು. ನಾಶಮಾಡಲು ಸಿದ್ಧನಿಲ್ಲದ ಯಾವ ವಸ್ತುವಿನ ಕಡೆಗೂ ನಳಿಗೆಯನ್ನು ತಿರುಗಿಸಕೂಡದು. ಗುರಿ ದೃಷ್ಟಿಗೆ ಕೂಡುವ ತನಕ ಬೆರಳು ಟ್ರಿಗರಿನ ಮೇಲೆ ಹೋಗಕೂಡದು. ಗುರಿ ಏನೆಂಬುದನ್ನೂ ಅದರ ಹಿಂದೆ ಏನಿದೆಯೆಂಬುದನ್ನೂ ನಿಶ್ಚಯವಾಗಿ ಅರಿತಿರತಕ್ಕದ್ದು. ಇವು ಕೇವಲ ಕೈಚಳಕದ ಸೂತ್ರಗಳೆಂದು ತೋರಬಹುದು. ಆದರೆ ಇವುಗಳ ಆಚರಣೆಗೆ ಬೇಕಾದದ್ದು ಎಡೆಬಿಡದ ಎಚ್ಚರ. ಅರೆಕ್ಷಣದ ಮೈಮರೆವಿಗೂ ಇಲ್ಲಿ ಕ್ಷಮೆಯಿಲ್ಲ.

ಹೀಗೆ ತೊಗಲಿನ ಒರೆಯೂ ಹುರಿಯೂ ಅಭ್ಯಾಸವೂ ಸೇರಿ ಪರಹಸ್ತದಿಂದಲೂ ಬಹುಮಟ್ಟಿಗೆ ಪ್ರಮಾದದಿಂದಲೂ ಆಯುಧವನ್ನು ಕಾಯಬಲ್ಲವು. ಸ್ವಚಿತ್ತದಿಂದ ಅದನ್ನು ಕಾಯುವವರಾರು? ಈ ಪ್ರಶ್ನೆಯನ್ನು ವಾಲ್ಮೀಕಿ ರಾಮಾಯಣದ ಅರಣ್ಯಕಾಂಡದಲ್ಲಿ ಸೀತೆಯು ಎತ್ತುತ್ತಾಳೆ. ದಂಡಕಾರಣ್ಯದ ಋಷಿಗಳಿಗೆ ರಾಕ್ಷಸವಧೆಯ ಮಾತುಕೊಟ್ಟು ಧನುರ್ಧಾರಿಯಾಗಿ ಹೊರಟ ಪತಿಯನ್ನು ಆಕೆ ತಡೆದು, ವಿನಯದಿಂದ, ಆದರೆ ನಿಷ್ಠುರವಾಗಿ, ಒಂದು ಪೂರ್ವಕಥೆಯನ್ನು ನೆನಪಿಗೆ ತರುತ್ತಾಳೆ. ಪುಣ್ಯವನವೊಂದರಲ್ಲಿ ಸತ್ಯಸಂಧನಾದ ತಪಸ್ವಿಯೊಬ್ಬನಿದ್ದನು. ಅವನ ತಪಸ್ಸಿಗೆ ವಿಘ್ನವನ್ನೊಡ್ಡಬೇಕೆಂದು ಇಂದ್ರನು ಯೋಧನ ವೇಷದಿಂದ ಬಂದು, ಉತ್ತಮವಾದ ಖಡ್ಗವೊಂದನ್ನು ನ್ಯಾಸವಾಗಿ ಅವನಲ್ಲಿ ಇಟ್ಟುಹೋದನು. ನಂಬಿಕೊಟ್ಟ ಒತ್ತೆಯು ಕಳೆದುಹೋಗಬಾರದೆಂಬ ಸದುದ್ದೇಶದಿಂದ ಆ ತಪಸ್ವಿಯು ಅದನ್ನು ಹೋದಲ್ಲಿಗೆಲ್ಲ ಒಯ್ದನು. ಫಲಮೂಲಗಳನ್ನು ತರಲು ಹೋಗುವಾಗಲೂ ಖಡ್ಗವಿಲ್ಲದೆ ಹೆಜ್ಜೆಯಿಡಲಿಲ್ಲ. ನಿತ್ಯವೂ ಶಸ್ತ್ರವನ್ನು ಹೊತ್ತು ತಿರುಗಿ ತಿರುಗಿ ಅವನ ಬುದ್ಧಿ ಕ್ರಮೇಣ ರೌದ್ರವಾಯಿತು. ತಪಸ್ಸಿನ ನಿಶ್ಚಯ ಸಡಲಿತು. ಕೊನೆಗೆ ಅವನು ನರಕಭಾಜನನಾದನು. ಬೆಂಕಿಯ ಸಂಬಂಧದಿಂದ ಆಗುವಂಥದೇ ವಿಕಾರವು ಶಸ್ತ್ರದ ಸಂಬಂಧದಿಂದಲೂ ಆಗುತ್ತದೆಂದು ಸೀತೆಯ ಎಚ್ಚರಿಕೆ.

ಈ ತಪಸ್ವಿಯ ದೋಷವೇನೆಂಬುದನ್ನು ನಿಧಾನವಾಗಿ ಆಲೋಚಿಸಬೇಕು. ಅವನು ಖಡ್ಗವನ್ನು ಬಯಸಿ ಪಡೆದವನಲ್ಲ. ಅದರಿಂದ ಯಾರನ್ನಾದರೂ ಹಿಂಸಿಸಬೇಕೆಂಬ ಸಂಕಲ್ಪ ಅವನಲ್ಲಿ ಮೊದಲಿಗೆ ಇರಲಿಲ್ಲ. ಅದು ಮತ್ತೊಬ್ಬರ ಕೈಸೇರದಂತೆ ಅವನು ಕಾಯ್ದದ್ದು ಲೋಪವಿಲ್ಲದ ಕಾವಲು. ಇಂದಿನ ಯಾವ ಶಿಕ್ಷಕನಾದರೂ ಅದನ್ನು ಮೆಚ್ಚಿಯಾನು. ಪರಹಸ್ತದಿಂದ ಆಯುಧವನ್ನು ಸಂಪೂರ್ಣವಾಗಿ ರಕ್ಷಿಸಿದ ಅದೇ ಎಚ್ಚರವು ಆಯುಧದಿಂದ ಅವನನ್ನು ರಕ್ಷಿಸಲಿಲ್ಲ. ಖಡ್ಗವನ್ನು ಅರೆಕ್ಷಣವೂ ಮರೆಯದಿದ್ದುದರಿಂದ ಅವನು ಬೇರೆಯೆಲ್ಲವನ್ನೂ ಖಡ್ಗದ ಮೂಲಕವೇ ಕಾಣತೊಡಗಿದನು: ಪೊದೆಯ ಸದ್ದು ಶತ್ರುವಿನ ಸದ್ದಾಯಿತು, ದಾರಿಹೋಕನು ಅಪಹಾರಿಯಾದನು. ನಮ್ಮ ಕಾಲದಲ್ಲಿಯೂ ಸೊಂಟದಲ್ಲಿ ಪಿಸ್ತೂಲಿರುವವನಿಗೆ ಬೀದಿಯ ಜಗಳವು ಬರಿಯ ಜಗಳವಾಗಿ ಉಳಿಯುವುದಿಲ್ಲ. ಬರಿಗೈಯವನು ಬೈಗುಳವನ್ನು ನುಂಗಿಕೊಂಡು ಮನೆಗೆ ಹೋದಾನು. ಆಯುಧವುಳ್ಳವನ ಮನಸ್ಸಿನ ಒಂದು ಮೂಲೆಯಲ್ಲಿ ಕೊನೆಯ ಉತ್ತರವು ಸಿದ್ಧವಾಗಿ ಕುಳಿತಿರುತ್ತದೆ.

ಸೀತೆಯ ಮಾತಿಗೆ ರಾಮನು ಕೊಟ್ಟ ಉತ್ತರವನ್ನೂ ಗೌರವದಿಂದ ಕೇಳಬೇಕು. ಆರ್ತನಾದವೆಂಬುದು ಲೋಕದಲ್ಲಿ ಇರಬಾರದೆಂಬುದಕ್ಕಾಗಿಯೇ ಕ್ಷತ್ರಿಯರು ಧನುಸ್ಸನ್ನು ಧರಿಸುವುದೆಂದು ಅವನು ಹೇಳುತ್ತಾನೆ. ಋಷಿಗಳಿಗೆ ಕೊಟ್ಟ ಮಾತನ್ನು ಮುರಿಯಲಾರೆನೆನ್ನುತ್ತಾನೆ. ತನ್ನ ಹಿತವನ್ನು ಬಯಸಿ ಆಕೆ ಆಡಿದ ನುಡಿಯನ್ನು ಪ್ರಶಂಸಿಸುತ್ತಾನೆ. ಅವನು ಆಕೆಯ ವಾದವನ್ನು ಸುಳ್ಳೆನ್ನಲಿಲ್ಲ. ಶಸ್ತ್ರವು ಚಿತ್ತವನ್ನು ಕೆಡಿಸುವುದೆಂಬ ತತ್ತ್ವವನ್ನು ನಿರಾಕರಿಸದೆ, ಅದಕ್ಕಿಂತ ಬಲವತ್ತರವಾದ ಕರ್ತವ್ಯವೊಂದನ್ನು ಮುಂದಿಟ್ಟನು. ಆದಕಾರಣ ಶಸ್ತ್ರಧಾರಣೆಯು ನಿಷ್ಪಾಪವಾಗುವುದು ಪರರ ರಕ್ಷಣೆಯ ಭಾರವನ್ನು ಹೊತ್ತವನಲ್ಲಿ ಮಾತ್ರ. ಅವನಲ್ಲಿಯೂ ಸೀತೆ ತೋರಿಸಿದ ಅಪಾಯವು ಹಾಗೆಯೇ ಉಳಿದಿರುತ್ತದೆ.

ಆ ಅಪಾಯಕ್ಕೆ ಪರಿಹಾರವೇನೆಂಬುದರ ಸೂಚನೆ ಬಾಲಕಾಂಡದಲ್ಲಿಯೇ ದೊರೆಯುತ್ತದೆ. ತಾಟಕಾವಧೆಯಾದ ಮೇಲೆ ವಿಶ್ವಾಮಿತ್ರನು ಪ್ರಸನ್ನನಾಗಿ ದಿವ್ಯಾಸ್ತ್ರಗಳನ್ನೆಲ್ಲ ರಾಮನಿಗೆ ಉಪದೇಶಿಸಿದನು. ಅಷ್ಟನ್ನು ಪಡೆದ ಬಾಲಕನು ಆಮೇಲೆ ಕೇಳಿದ ಮಾತು ಗಮನಾರ್ಹವಾದದ್ದು: ಇವನ್ನು ಹಿಂದಕ್ಕೆ ತೆಗೆದುಕೊಳ್ಳುವ ಉಪಸಂಹಾರಕ್ರಮವನ್ನೂ ತನಗೆ ತಿಳಿಸಬೇಕೆಂದು ಅವನು ಪ್ರಾರ್ಥಿಸಿದನು. ಪ್ರಯೋಗವನ್ನು ಮಾತ್ರ ಕಲಿತವನು ಅರ್ಧಶಿಕ್ಷಿತನೆಂಬುದು ಅವನಿಗೆ ಗೊತ್ತಿತ್ತು. ಆ ಉಪಸಂಹಾರಕ್ರಮವೂ ಲಭಿಸಿದ ಬಳಿಕ, ಮೂರ್ತಿಮಂತವಾಗಿ ಬಂದು ಕೈಮುಗಿದು ನಿಂತ ಆ ಅಸ್ತ್ರಗಳಿಗೆ, ತನ್ನ ಮನಸ್ಸಿನಲ್ಲಿ ನೆಲೆಸಿದ್ದು ಕಾರ್ಯಕಾಲ ಬಂದಾಗ ಸಹಾಯಕ್ಕೆ ಒದಗಬೇಕೆಂದು ಹೇಳಿ ಅವನ್ನು ಬೀಳ್ಕೊಟ್ಟನು. ಆಯುಧಧಾರಣೆಯ ಬಗೆಗಳಲ್ಲೆಲ್ಲ ಇದು ಶ್ರೇಷ್ಠವಾದದ್ದು. ಇಲ್ಲಿ ಅಸ್ತ್ರವು ಒಡೆಯನ ಅನುಜ್ಞೆಗಾಗಿ ಕಾಯುತ್ತದೆ. ಒಡೆಯನು ಅದರ ಸನ್ನಿಧಿಯಿಂದ ವಿಕಾರಗೊಳ್ಳುವುದಿಲ್ಲ.

ಇದರ ವಿರುದ್ಧ ಕೋಟಿಯಲ್ಲಿ ನಿಲ್ಲುವವನು ಅಶ್ವತ್ಥಾಮ. ಮಹಾಭಾರತದ ಸೌಪ್ತಿಕಪರ್ವದಲ್ಲಿ, ನಿದ್ರಿಸುತ್ತಿದ್ದವರನ್ನು ಕೊಂದು ಗಂಗಾತೀರಕ್ಕೆ ಓಡಿಬಂದ ಅವನು, ಪಾಂಡವರನ್ನು ಕಂಡೊಡನೆ ಭಯಗ್ರಸ್ತನಾಗಿ ಹುಲ್ಲಿನ ಕಡ್ಡಿಯೊಂದರಲ್ಲಿ ಬ್ರಹ್ಮಶಿರೋಸ್ತ್ರವನ್ನು ಆವಾಹಿಸಿ ಬಿಟ್ಟನು. ಅದನ್ನು ಶಮನಗೊಳಿಸಲೆಂದು ಅರ್ಜುನನು ಅದೇ ಅಸ್ತ್ರವನ್ನು ಪ್ರಯೋಗಿಸಿದನು. ಎರಡು ತೇಜಸ್ಸುಗಳ ಮಧ್ಯೆ ನಾರದನೂ ವ್ಯಾಸನೂ ಬಂದು ನಿಂತಾಗ, ಅರ್ಜುನನು ತನ್ನದನ್ನು ಹಿಂದಕ್ಕೆ ಸೆಳೆದುಕೊಂಡನು. ಅಶ್ವತ್ಥಾಮನಿಂದ ಅದು ಆಗಲಿಲ್ಲ. ಇಬ್ಬರೂ ದ್ರೋಣನ ಶಿಷ್ಯರೇ, ಇಬ್ಬರಿಗೂ ಪ್ರಯೋಗ ತಿಳಿದಿತ್ತು; ಭೇದವಿದ್ದದ್ದು ಚಾರಿತ್ರದಲ್ಲಿ. ಬ್ರಹ್ಮಚರ್ಯವ್ರತವನ್ನು ಆಚರಿಸದವನು ಆ ಅಸ್ತ್ರವನ್ನು ಹಿಂದಿರುಗಿಸಲು ಯತ್ನಿಸಿದರೆ ಅದು ಅವನ ತಲೆಯನ್ನೇ ಕತ್ತರಿಸುವುದೆಂದು ಮಹಾಭಾರತವು ಹೇಳುತ್ತದೆ. ಹಿಂದಿರುಗಿಸಲಾರದ ಅಸ್ತ್ರವನ್ನು ಅಶ್ವತ್ಥಾಮನು ಪಾಂಡವಸ್ತ್ರೀಯರ ಗರ್ಭಗಳ ಕಡೆಗೆ ತಿರುಗಿಸಿದನು. ಅದು ಉತ್ತರೆಯ ಒಡಲಲ್ಲಿದ್ದ ಶಿಶುವಿನ ಮೇಲೆ ಬಿದ್ದಿತು. ಭಯದಿಂದ ಬಿಟ್ಟ ಶಸ್ತ್ರವು ಕೊನೆಗೆ ಹೋಗಿ ತಾಗುವುದು ಇನ್ನೂ ಹುಟ್ಟದ ನಿರಪರಾಧಿಗೆ ಎಂಬುದನ್ನು ಇದಕ್ಕಿಂತ ದಾರುಣವಾಗಿ ಹೇಳಲು ಸಾಧ್ಯವಿಲ್ಲ.

ಈಗ ನಮ್ಮ ಕಾಲದ ಪಿಸ್ತೂಲಿಗೆ ಬರೋಣ. ಇದರಲ್ಲಿ ಪ್ರಯೋಗವುಂಟು, ಉಪಸಂಹಾರವಿಲ್ಲ. ನಳಿಗೆಯನ್ನು ಬಿಟ್ಟ ಗುಂಡನ್ನು ಅರ್ಜುನನ ಸಂಯಮವೂ ಹಿಂದಕ್ಕೆ ಕರೆಯಲಾರದು. ಸೆಕೆಂಡಿಗೆ ಮುನ್ನೂರು ಮೀಟರಿನಷ್ಟು ವೇಗದಿಂದ ಹೋಗುವ ಸೀಸದ ತುಣುಕಿನ ಎದುರಿಗೆ ನಿಲ್ಲುವ ನಾರದನೂ ಇಲ್ಲ, ವ್ಯಾಸನೂ ಇಲ್ಲ. ಪಶ್ಚಾತ್ತಾಪವು ಎಷ್ಟು ಶೀಘ್ರವಾಗಿ ಬಂದರೂ ತಡವಾಗಿಯೇ ಬರುತ್ತದೆ. ಹಾಗಾದರೆ ಉಪಸಂಹಾರಕ್ಕೆ ಉಳಿದಿರುವ ಅವಕಾಶ ಯಾವುದು? ಪ್ರಯೋಗಕ್ಕೆ ಮುಂಚಿನ ಕಾಲವೊಂದೇ. ಬೆರಳು ಟ್ರಿಗರನ್ನು ಮುಟ್ಟುವ ಮೊದಲು, ಕೈ ಹಿಡಿಯನ್ನು ಮುಟ್ಟುವ ಮೊದಲು, ಮಾತು ಬಿರುಸಾಗುವ ಮೊದಲು, ಅಂಥ ಮಾತು ನಡೆಯುವ ಸ್ಥಳಕ್ಕೆ ಕಾಲಿಡುವ ಮೊದಲು ಅದು ನಡೆದಿರಬೇಕು. ಪ್ರಾಚೀನರಿಗೆ ಅಸ್ತ್ರವನ್ನು ಬಿಟ್ಟ ಮೇಲೆಯೂ ಒಂದು ಅವಕಾಶವಿತ್ತು. ಅಷ್ಟಿದ್ದರೂ ಅವರು ಪಾತ್ರತೆಯನ್ನು ನೋಡದೆ ಅದನ್ನು ಉಪದೇಶಿಸಲು ಹಿಂಜರಿದರು. ಆ ಅವಕಾಶವೂ ಇಲ್ಲದ ನಮಗೆ ಪಾತ್ರತೆಯ ವಿಚಾರವು ಅವರಿಗಿಂತ ನೂರ್ಮಡಿ ಮುಖ್ಯವಾಗಬೇಡವೆ? ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಮನೆಯ ಹೊರಗೆ ಪಿಸ್ತೂಲನ್ನು ಧರಿಸುವುದು ಪ್ರಜೆಗಳ ಸಂವಿಧಾನದತ್ತ ಹಕ್ಕೆಂದು 2022ರಲ್ಲಿ ತೀರ್ಪಿತ್ತಿತು. ನ್ಯಾಯಾಲಯವು ಹಕ್ಕನ್ನು ಕೊಡಬಲ್ಲುದು. ಅರ್ಹತೆಯನ್ನು ಕೊಡುವ ಶಕ್ತಿ ಯಾವ ನ್ಯಾಯಾಲಯಕ್ಕೂ ಇಲ್ಲ.

ಪಾತ್ರತೆಯ ವಿಮರ್ಶೆಯಲ್ಲಿ ಜೈನಶಾಸ್ತ್ರಕಾರರಷ್ಟು ಸೂಕ್ಷ್ಮವಾಗಿ ನಡೆದವರು ವಿರಳ. ಪ್ರಮಾದದಿಂದ ಕೂಡಿದ ಯೋಗವು, ಎಂದರೆ ಮನೋವಾಕ್ಕಾಯಗಳ ವ್ಯಾಪಾರವು, ಪ್ರಾಣಹಾನಿಯನ್ನುಂಟುಮಾಡಿದರೆ ಅದೇ ಹಿಂಸೆಯೆಂಬುದು ತತ್ತ್ವಾರ್ಥಸೂತ್ರದ ನಿರ್ಣಯ. ನನಗೆ ಕೊಲ್ಲುವ ಉದ್ದೇಶವಿರಲಿಲ್ಲ, ಅದು ತಾನಾಗಿ ಹಾರಿತು ಎಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ. ಉತ್ತರ ಭಾರತದಲ್ಲಿ ಮದುವೆಯ ಮೆರವಣಿಗೆಯಲ್ಲಿ ಹರ್ಷಕ್ಕಾಗಿ ಆಕಾಶಕ್ಕೆ ಹಾರಿಸಿದ ಗುಂಡು ತಾಗಿ ಸತ್ತವರುಂಟು. ಅಂಥ ಗುಂಡು ಹಾರಿಸುವಿಕೆಯನ್ನು ನಮ್ಮ ಸಂಸತ್ತು 2019ರ ತಿದ್ದುಪಡಿಯಲ್ಲಿ ಪ್ರತ್ಯೇಕ ಅಪರಾಧವನ್ನಾಗಿ ಮಾಡಿತು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಗೃಹಸ್ಥನು ತ್ಯಜಿಸಬೇಕಾದ ಅನರ್ಥದಂಡಗಳಲ್ಲಿ, ಎಂದರೆ ನಿಷ್ಪ್ರಯೋಜನವಾದ ಪಾಪಕಾರ್ಯಗಳಲ್ಲಿ, ಹಿಂಸಾದಾನವನ್ನೂ ಪ್ರಮಾದಚರ್ಯೆಯನ್ನೂ ಎಣಿಸುತ್ತದೆ. ಹಿಂಸೆಯ ಉಪಕರಣವನ್ನು ಮತ್ತೊಬ್ಬನಿಗೆ ಒದಗಿಸುವುದು ಮೊದಲನೆಯದು. ಪ್ರಯೋಜನವಿಲ್ಲದೆ ಅಜಾಗರೂಕತೆಯಿಂದ ವರ್ತಿಸುವುದು ಎರಡನೆಯದು. ಮೇಜಿನ ಮೇಲೆ ಪಿಸ್ತೂಲನ್ನು ಬಿಟ್ಟು ಸ್ನಾನಕ್ಕೆ ಹೋದವನು ಈ ಎರಡನ್ನೂ ಒಮ್ಮೆಗೇ ಮಾಡಿದವನು.

ಇದೇ ಜೈನಧರ್ಮದ ಅನುಯಾಯಿಯಾದ ಚಾವುಂಡರಾಯನು ಗಂಗರ ದಂಡನಾಯಕನಾಗಿ ಯುದ್ಧಗಳನ್ನು ಗೆದ್ದವನು. ಅವನು ಶ್ರವಣಬೆಳ್ಗೊಳದಲ್ಲಿ ನಿಲ್ಲಿಸಿದ ವಿಗ್ರಹವು, ಜಯವು ಕೈಸೇರಿದ ಕ್ಷಣದಲ್ಲಿಯೇ ಅದನ್ನು ಬಿಟ್ಟುಕೊಟ್ಟ ಬಾಹುಬಲಿಯದು. ಅಣ್ಣನಾದ ಭರತನನ್ನು ಮೇಲಕ್ಕೆತ್ತಿದ ಬಾಹುಗಳು ಅವನನ್ನು ನೆಲಕ್ಕಪ್ಪಳಿಸದೆ ಇಳಿಸಿದವು. ಸೋತ ಭರತನು ರೋಷದಿಂದ ಬಿಟ್ಟ ಚಕ್ರರತ್ನವು ಬಾಹುಬಲಿಯನ್ನು ಪ್ರದಕ್ಷಿಣೆ ಮಾಡಿ ಹಿಂಸಿಸದೆ ನಿಂತಿತು. ಬಿಟ್ಟವನಲ್ಲಿ ಇಲ್ಲದ ವಿವೇಕವು ಚಕ್ರದಲ್ಲಿತ್ತು. ಇಂದಿನ ಯಾವ ಕಾರ್ಖಾನೆಯೂ ಅಂಥ ಚಕ್ರವನ್ನು ಮಾಡಲಾರದೆಂಬುದನ್ನು ನೆನೆದರೆ, ವಿವೇಕವೆಲ್ಲವೂ ಧರಿಸಿದವನಲ್ಲಿಯೇ ಇರಬೇಕೆಂಬುದು ಸ್ಪಷ್ಟವಾಗುತ್ತದೆ.

ಶಸ್ತ್ರವನ್ನು ಧರಿಸುವ ಸಮಾಜಗಳು ತಮ್ಮ ಆಚಾರಗಳಲ್ಲಿ ಅದನ್ನು ಇಳಿಸಿಡುವ ಕಾಲವನ್ನೂ ವಿಧಿಸಿಕೊಂಡಿರುವುದನ್ನು ಕಾಣಬಹುದು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ವಿನಾಯಿತಿಯುಂಟು. ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ಮುಂದುವರಿಸಿದೆ, ನಮ್ಮ ಉಚ್ಚ ನ್ಯಾಯಾಲಯವು 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಅದೇ ಕೊಡವರ ಹಳೆಯ ಸಂಪ್ರದಾಯದಲ್ಲಿ, ಗದ್ದೆಯ ಕೆಲಸ ನಡೆಯುವ ತಿಂಗಳುಗಳಲ್ಲಿ ಆಯುಧಗಳು ಕನ್ನಿ ಕೊಂಬರೆಯೆಂಬ ದೇವರ ಕೋಣೆಯನ್ನು ಸೇರುತ್ತಿದ್ದವು. ನಾಟಿ ಮುಗಿದು ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್ ಹಬ್ಬ ಬಂದಾಗ, ತೋಕ್‌ಪೂವೆಂಬ ಹೂವಿನಿಂದ ಅಲಂಕೃತವಾಗಿ ಪೂಜೆಗೊಂಡ ಮೇಲೆಯೇ ಮತ್ತೆ ಕೈಗೆ ಬರುತ್ತಿದ್ದವು. ಪಾಂಡವರು ಅಜ್ಞಾತವಾಸದ ವರ್ಷವಿಡೀ ತಮ್ಮ ಆಯುಧಗಳನ್ನು ಶಮೀವೃಕ್ಷದಲ್ಲಿಟ್ಟು ಬರಿಗೈಯಲ್ಲಿ ಬಾಳಿದರು. ನಾವು ಇಂದಿಗೂ ವಿಜಯದಶಮಿಯಂದು ಬನ್ನಿಯನ್ನು ಪೂಜಿಸುತ್ತೇವೆ. ಗುರು ಗೋವಿಂದ ಸಿಂಗರು 1699ರಲ್ಲಿ ಸ್ಥಾಪಿಸಿದ ಖಾಲ್ಸಾದ ಅನುಯಾಯಿಯು ಕೃಪಾಣವನ್ನು ಸದಾ ಧರಿಸುತ್ತಾನೆ, ನಮ್ಮ ಸಂವಿಧಾನದ 25ನೆಯ ಅನುಚ್ಛೇದವು ಅದನ್ನು ಅವನ ಧರ್ಮದ ಅಂಗವೆಂದು ಅಂಗೀಕರಿಸಿದೆ. ಆದರೆ ಅನ್ಯೋಪಾಯಗಳೆಲ್ಲ ಮುಗಿದ ಮೇಲೆ ಮಾತ್ರ ಕತ್ತಿಗೆ ಕೈಯಿಡುವುದು ಯುಕ್ತವೆಂದು ಆ ಗುರುವೇ ಔರಂಗಜೇಬನಿಗೆ ಬರೆದ ಜ಼ಫರ್‌ನಾಮಾದಲ್ಲಿ ಹೇಳಿದ್ದಾರೆ. ಕಾಲದಿಂದಲೋ ಸ್ಥಳದಿಂದಲೋ ಕಾರಣದಿಂದಲೋ ಶಸ್ತ್ರಕ್ಕೆ ಎಲ್ಲೆಯನ್ನು ಹಾಕದ ಧರ್ಮವಿಲ್ಲ.

ಭಯಪಟ್ಟವನು ಏನು ಮಾಡಬೇಕೆಂಬ ಆಕ್ಷೇಪವು ಇಲ್ಲಿ ಸಹಜವಾಗಿಯೇ ಏಳುತ್ತದೆ. ಬೆದರಿಕೆಗೆ ಗುರಿಯಾದ ಸಾಕ್ಷಿಯ ಭಯವೂ, ರಾತ್ರಿ ಹಣದ ಪೆಟ್ಟಿಗೆಯೊಡನೆ ಒಬ್ಬನೇ ಹೋಗಬೇಕಾದವನ ಭಯವೂ ಕಲ್ಪಿತವಲ್ಲ. ಅವರಿಗೆ ಅಹಿಂಸೆಯನ್ನು ಉಪದೇಶಿಸಿ ಸುಮ್ಮನಾಗುವುದು ಸುಲಭ; ಅದು ಕರುಣೆಯಲ್ಲ. ಪ್ರಜೆಗಳನ್ನು ನಿಶ್ಶಸ್ತ್ರರನ್ನಾಗಿ ಮಾಡಿದ ಬ್ರಿಟಿಷ್ ಶಾಸನವನ್ನು 1918ರಲ್ಲಿ ಮಹಾತ್ಮಾ ಗಾಂಧಿಯವರೇ ತೀವ್ರವಾಗಿ ಖಂಡಿಸಿದ್ದರು. ಹೇಡಿತನದ ಅಹಿಂಸೆ ಅವರಿಗೆ ಸಮ್ಮತವಾಗಿರಲಿಲ್ಲ. ಆದರೆ ಅದೇ ಗಾಂಧಿಯವರು, 1948ರ ಜನವರಿ 20ರಂದು ಪ್ರಾರ್ಥನಾಸಭೆಯಲ್ಲಿ ಬಾಂಬು ಸಿಡಿದ ಮೇಲೆಯೂ, ಸಭೆಗೆ ಬರುವವರ ಮೈ ತಡಕಿ ನೋಡಲು ಪೋಲೀಸರಿಗೆ ಅನುಮತಿ ಕೊಡಲಿಲ್ಲ. ಹತ್ತು ದಿನಗಳ ತರುವಾಯ ಪಿಸ್ತೂಲನ್ನು ಮರೆಯಲ್ಲಿ ಧರಿಸಿ ಬಂದವನೊಬ್ಬನು ಅವರೆದುರಿಗೆ ಬಾಗಿ, ಮೂರು ಗುಂಡುಗಳನ್ನು ಹಾರಿಸಿದನು. ಆ ಸಂಜೆ ಆಯುಧದ ಮೇಲೆ ಆ ಕೊಲೆಗಾರನಿಗೆ ಇದ್ದ ಹತೋಟಿಯಲ್ಲಿ ಯಾವ ಲೋಪವೂ ಇರಲಿಲ್ಲ. ಅದು ಯಾರ ಕಣ್ಣಿಗೂ ಬೀಳಲಿಲ್ಲ, ಅಕಾಲದಲ್ಲಿ ಸಿಡಿಯಲಿಲ್ಲ, ಗುರಿ ತಪ್ಪಲಿಲ್ಲ. ಪರಹಸ್ತವನ್ನೂ ಪ್ರಮಾದವನ್ನೂ ಗೆದ್ದು ಚಿತ್ತದ ದ್ವೇಷಕ್ಕೆ ತುತ್ತಾದವನ ನೈಪುಣ್ಯವು ಲೋಕಕ್ಕೆ ಎಂಥ ಹಾನಿಯನ್ನು ತರುವುದೆಂಬುದಕ್ಕೆ ಬೇರೆ ನಿದರ್ಶನ ಬೇಕಾಗಿಲ್ಲ.

ಆದಕಾರಣ ಭಯಪಟ್ಟವನಿಗೆ ಹೇಳಬಹುದಾದದ್ದು ಇಷ್ಟು. ಆಯುಧವು ನಿನ್ನ ಭಯದ ಕಾರಣವನ್ನು ಎದುರಿಸಲು ನೆರವಾಗಬಹುದು. ನಿನ್ನ ಭಯವನ್ನು ಅದು ಕಳೆಯಲಾರದು. ಭಯವು ಆಯುಧದೊಡನೆ ಸೇರಿದಾಗ ಅಶ್ವತ್ಥಾಮನ ಸ್ಥಿತಿ ಹುಟ್ಟುತ್ತದೆ. ಮೊದಲು ಧೈರ್ಯವನ್ನು ಸಂಪಾದಿಸಿ ಆಮೇಲೆ ಆಯುಧವನ್ನು ಧರಿಸುವುದು ಸರಿಯಾದ ಕ್ರಮ. ಧೈರ್ಯಕ್ಕೆ ಬದಲಾಗಿ ಆಯುಧವನ್ನು ಧರಿಸುವುದು ಆ ಕ್ರಮವನ್ನು ತಲೆಕೆಳಗು ಮಾಡುವುದು. ಆಯುಧವಿಲ್ಲದೆ ಬೀದಿಗೆ ಹೋಗಲಾರದವನು ಆಯುಧದೊಡನೆ ಬೀದಿಗೆ ಹೋಗಲು ಯೋಗ್ಯನಲ್ಲ.

ಪರವಾನಗಿ ಪಡೆದು ಪಿಸ್ತೂಲನ್ನು ಧರಿಸುವವರು ನಮ್ಮ ನಾಡಿನಲ್ಲಿಯೂ ಇದ್ದಾರೆ. ಕರ್ತವ್ಯಕ್ಕಾಗಿ ಧರಿಸುವ ಪೋಲೀಸರೂ ಅಂಗರಕ್ಷಕರೂ ಇದ್ದಾರೆ. ಅವರಲ್ಲಿ ನನ್ನ ವಿಜ್ಞಾಪನೆ ಸರಳವಾದದ್ದು. ಒಳ್ಳೆಯ ಒರೆಯನ್ನು ಆರಿಸಿಕೊಳ್ಳಿ, ಟ್ರಿಗರಿನಿಂದ ಬೆರಳನ್ನು ದೂರವಿಡಿ, ಮನೆಗೆ ಬಂದೊಡನೆ ಗುಂಡುಗಳನ್ನು ತೆಗೆದು ಬೀಗದಲ್ಲಿಡಿ. ಇಷ್ಟು ಮಾಡಿದರೆ ಶಾಸನಕ್ಕೆ ತೃಪ್ತಿ. ಧರ್ಮಕ್ಕೆ ತೃಪ್ತಿಯಾಗಬೇಕಾದರೆ ಇನ್ನೊಂದು ಪರೀಕ್ಷೆಯನ್ನು ನಿಮಗೆ ನೀವೇ ವಿಧಿಸಿಕೊಳ್ಳಬೇಕು. ಕರ್ತವ್ಯವು ಬಿಡುವುಕೊಟ್ಟ ದಿನಗಳಲ್ಲಿ ಆಯುಧವನ್ನು ಇಳಿಸಿಟ್ಟು, ಅದಿಲ್ಲದೆ ನಾಲ್ಕು ಜನರ ನಡುವೆ ನಡೆದಾಡಿ. ಅವಮಾನದ ಮಾತೊಂದು ಕಿವಿಗೆ ಬಿದ್ದಾಗ ಮನಸ್ಸು ಎತ್ತ ತಿರುಗುತ್ತದೆಂಬುದನ್ನು ಗಮನಿಸಿ. ಬರಿದಾದ ಸೊಂಟಕ್ಕೆ ಕೈ ತಾನಾಗಿ ಹೋದರೆ, ಸೀತೆ ಹೇಳಿದ ವಿಕಾರವು ನಿಮ್ಮಲ್ಲಿ ಮೊದಲಾಗಿದೆಯೆಂದು ತಿಳಿಯಿರಿ. ಅದು ಮಾಯುವವರೆಗೆ ಆಯುಧವನ್ನು ಮತ್ತೆ ಧರಿಸಬೇಡಿ, ಮಾಯದಿದ್ದರೆ ಪರವಾನಗಿಯನ್ನು ಹಿಂದಿರುಗಿಸಿಬಿಡಿ. ಇಳಿಸಿಡಬಲ್ಲವನಿಗೆ ಮಾತ್ರ ಧರಿಸುವ ಅಧಿಕಾರವುಂಟು.